ಒಂಟಿ ಸೀನು

ನಂಜನಗೂಡಿನ ವ್ಯಾಸರಾಜ ಇಪ್ಪತ್ತೇಳು ತುಂಬುವವರೆಗೆ ನೆಲ ಬಿಟ್ಟು ಮೇಲೇರಿದ್ದು ಹೆಚ್ಚೆಂದರೆ ಅಟ್ಟದ ಏಣಿಯ ನಾಲ್ಕನೆಯ ಮೆಟ್ಟಿಲಿನವರೆಗೆ. ಅದೂ ಉಪ್ಪಿನಕಾಯಿ ಜಾಡಿ ಇಳಿಸುವುದಕ್ಕೆ, ತಾಯಿ ಲಕ್ಷ್ಮೀದೇವಮ್ಮ ಕೆಳಗೆ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾಗ. ಇಂಥ ಪ್ರಾಣಿ ಎಂಬತ್ತೈದನೆಯ ಇಸವಿಯಲ್ಲಿ, ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ, ಬೆನ್ನಿಗೆ ಪ್ಯಾರಾಚೂಟು ಕಟ್ಟಿಕೊಂಡು ಮೂರು ಸಾವಿರ ಅಡಿ ಮೇಲೆ ವಿಮಾನದ ಬಾಗಿಲಲ್ಲಿ ನಿಂತಿತ್ತು ಎಂದರೆ ಅದಕ್ಕೆ ಧೈರ್ಯ ಕಾರಣವಲ್ಲ. ರೋಷ ಕಾರಣ.

ರೋಷದ ಬೇರು ಕಪಿಲಾ ನದಿಯ ಸೋಪಾನದಲ್ಲಿತ್ತು. ಅಲ್ಲಿ ನೀರಿಗೆ ಚಾಚಿಕೊಂಡಂತೆ ಒಂದು ಹಳೆಯ ಕಲ್ಲುಮಂಟಪ, ಅದರ ಕೆಳಗೆ ಆಳವಾದ ಮಡು. ಹೈಸ್ಕೂಲಿನ ಹುಡುಗರೆಲ್ಲ ಶಾಲೆ ಬಿಟ್ಟೊಡನೆ ಆ ಮಂಟಪದ ಮೇಲೆ ಹತ್ತಿ ಮಡುವಿಗೆ ಹಾರುತ್ತಿದ್ದರು. ವ್ಯಾಸರಾಜನಿಗೆ ಈಜು ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವನು ಮೆಟ್ಟಿಲಿಳಿದು ಮರ್ಯಾದೆಯಿಂದ ನೀರಿಗೆ ಹೋಗುವವನು. ಮಂಟಪದ ಜಗಲಿಯ ಅಂಚಿನಿಂದ ಒಮ್ಮೆ ಮಡುವಿಗೆ ಬಗ್ಗಿ ನೋಡಿದ್ದಕ್ಕೇ ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂದಿತ್ತು. ಅಂದಿನಿಂದ ಹುಡುಗರು ತಮ್ಮ ಚಡ್ಡಿ, ಅಂಗಿ, ಪುಸ್ತಕದ ಚೀಲ ಎಲ್ಲವನ್ನೂ ಅವನ ಮಡಿಲಿಗೆ ಹಾಕಿ ಹಾರಲು ಹೋಗುತ್ತಿದ್ದರು. ‘ಬಟ್ಟೆ ಕಾಯೋ ವ್ಯಾಸ’ ಎಂಬ ಹೆಸರು ಹಾಗೆ ಬಂತು. ಹೆಸರಿಟ್ಟವನು ಶಿವಸ್ವಾಮಿ.

ಶಿವಸ್ವಾಮಿ ಕವಲಂದೆಯ ಕಡೆಯ ಒಕ್ಕಲುಮನೆಯವನು, ನಂಜನಗೂಡಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ತಲೆ ಕೆಳಗು ಮಾಡಿ ಹಾರುತ್ತಿದ್ದವನು ಅವನೊಬ್ಬನೇ. ಒದ್ದೆ ಮೈಯಲ್ಲಿ ಮೇಲೆ ಬಂದು, ವ್ಯಾಸರಾಜನ ಕೈಯಿಂದ ಅಂಗಿ ತೆಗೆದುಕೊಳ್ಳುವಾಗ ಅವನ ಕೆನ್ನೆಗೆ ನೀರು ಚಿಮುಕಿಸಿ, “ಐನೋರ್ಗೆ ತೀರ್ಥ” ಎನ್ನುತ್ತಿದ್ದ. ಇಬ್ಬರೂ ಪ್ರಾಣಸ್ನೇಹಿತರು. ಸ್ನೇಹಿತರಲ್ಲದವರಿಗೆ ಇಷ್ಟು ಸಲಿಗೆ ಎಲ್ಲಿಂದ ಬರಬೇಕು?

ಅವನ ಇನ್ನೊಂದು ಕಿತಾಪತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ವ್ಯಾಸರಾಜನ ತಂದೆ ಕೃಷ್ಣಮೂರ್ತಿಗಳು ಮಠದ ಪುರೋಹಿತರು. ಅವರ ಮನೆಯಲ್ಲಿ ಯಾರಾದರೂ ಹೊರಗೆ ಹೊರಟಾಗ ಒಂದೇ ಒಂದು ಸೀನು ಕೇಳಿಸಿತೋ, ಮುಗಿಯಿತು. ಹೊರಟವನು ಒಳಗೆ ಬಂದು, ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಇನ್ನೊಂದು ಸೀನು ಬಿದ್ದು ಜೋಡಿಯಾದರೆ ದೋಷವಿಲ್ಲ. ಶಿವಸ್ವಾಮಿ ಪರೀಕ್ಷೆಯ ದಿನ ಬೇಕೆಂದೇ ಬೀದಿಬಾಗಿಲಲ್ಲಿ ನಿಂತು ‘ಆಕ್ಷೀ!’ ಎಂದು ಒಂದು ಸುಳ್ಳು ಸೀನು ಸೀನಿ ಸುಮ್ಮನಾಗುತ್ತಿದ್ದ. ವ್ಯಾಸರಾಜ ಒಳಗೆ ಹೋಗಿ ಕೂತು ನೀರು ಕುಡಿದು ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಸುಳ್ಳು ಸೀನಿಗೂ ಕೂರಬೇಕೇ ಎಂದು ಹುಡುಗ ತಂದೆಯನ್ನು ಕೇಳಿದ್ದ. “ಕಿವಿಗೆ ಬಿದ್ದ ಮೇಲೆ ಸೀನು ಸೀನೇ ಕಣೋ,” ಎಂದು ಕೃಷ್ಣಮೂರ್ತಿಗಳು ತೀರ್ಪು ಕೊಟ್ಟಿದ್ದರು. ಆದರೆ ಹುಡುಗ ಒಂದನ್ನು ಕಂಡುಕೊಂಡಿದ್ದ. ನಿಜವಾಗಿ ಸೀನುವಾಗ ಶಿವಸ್ವಾಮಿಯ ಕಣ್ಣು ಮುಚ್ಚುತ್ತಿತ್ತು. ಸುಳ್ಳು ಸೀನಿನಲ್ಲಿ ತೆರೆದೇ ಇರುತ್ತಿತ್ತು.

ಹದಿನೈದು ವರ್ಷ ಕಳೆಯಿತು. ಇಬ್ಬರೂ ಮೇಷ್ಟರಾದರು. ಅದೂ ಒಂದೇ ಶಾಲೆಯಲ್ಲಿ, ತಿರುಮಕೂಡಲು ನರಸೀಪುರದಲ್ಲಿ. ಶಿವಸ್ವಾಮಿ ಡ್ರಿಲ್ ಮೇಷ್ಟರು, ಊರಿನಲ್ಲೇ ಬಾಡಿಗೆ ರೂಮು. ವ್ಯಾಸರಾಜ ಸಂಸ್ಕೃತದ ಮೇಷ್ಟರು, ದಿನಾ ನಂಜನಗೂಡಿನಿಂದ ಬಸ್ಸು. ಪಂಚೆ, ಕೋಟು, ಸೊಂಟದಲ್ಲಿ ನಶ್ಯದ ಡಬ್ಬಿ.

ಡಿಸೆಂಬರಿನಲ್ಲಿ ಶಾಲೆಗೆ ಒಂದು ಕಾಗದ ಬಂತು. ಬೆಂಗಳೂರಿನ ಯಾವುದೋ ಸಾಹಸ ಕ್ಲಬ್ಬಿನವರು ನಂಜನಗೂಡು-ಮೈಸೂರು ರಸ್ತೆಯ ವಿಮಾನದ ಬಯಲಿನಲ್ಲಿ ಶಿಬಿರ ಮಾಡುತ್ತಾರಂತೆ. ಉಪಾಧ್ಯಾಯರಿಗೆ ಐದು ದಿನ ತರಬೇತಿ ಕೊಟ್ಟು ಪ್ಯಾರಾಚೂಟಿನಲ್ಲಿ ಧುಮುಕಿಸುತ್ತಾರಂತೆ. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಎಲ್ಲರೂ ಶಿವಸ್ವಾಮಿಯ ಕಡೆ ನೋಡಿದರು. ಶಿವಸ್ವಾಮಿ ಮೀಸೆ ಸವರಿಕೊಂಡ.

“ಬರ್ಕಳಿ ಸಾ, ನನ್ನೆಸ್ರ. ಜತೆಗೆ ವ್ಯಾಸರಾಜ ಮೇಷ್ಟ್ರದೂ ಬರ್ಕಳಿ.”

“ಅವರು ಧುಮುಕ್ತಾರೇನ್ರೀ?” ಎಂದರು ಹೆಡ್‌ಮಾಸ್ಟರು.

“ಅಯ್ಯೋ, ಧುಮ್ಕಕಲ್ಲ ಸಾ. ನನ್ ಚಪ್ಲಿ ಕಾಯಕೆ.”

ಟೀ ತಂದವನೂ ಸೇರಿ ಎಲ್ಲರೂ ನಕ್ಕರು. ವ್ಯಾಸರಾಜನೂ ನಕ್ಕ. ಹದಿನೈದು ವರ್ಷದಿಂದ ನಗುತ್ತಲೇ ಬಂದಿದ್ದನಲ್ಲ. ಆದರೆ ಅವತ್ತು ಆ ನಗು ಅರ್ಧಕ್ಕೇ ನಿಂತುಹೋಯಿತು. ಎದೆಯೊಳಗೆ ಏನೋ ಚುಚ್ಚಿದ ಹಾಗಾಯಿತು. ಹೀಗೇ ಬಿಟ್ಟರೆ ರಿಟೈರಾಗುವ ದಿನ ಭಾಷಣ ಮಾಡುವವರೂ ‘ಬಟ್ಟೆ ಕಾಯೋ ವ್ಯಾಸರಾಜರು’ ಎಂದೇ ಹಾರ ಹಾಕುತ್ತಾರೆ ಎನ್ನಿಸಿತು. ಎದ್ದು ಹೋಗಿ ಹೆಡ್‌ಮಾಸ್ಟರ ಕೈಯಿಂದ ಪೆನ್ನು ಇಸಿದುಕೊಂಡು, ಧುಮುಕುವವರ ಪಟ್ಟಿಯಲ್ಲಿ ದುಂಡಗೆ ತನ್ನ ಹೆಸರು ಬರೆದ.

ಮನೆಯಲ್ಲಿ ದೊಡ್ಡ ರಂಪವಾಗುತ್ತದೆ ಎಂದುಕೊಂಡಿದ್ದ. ಲಕ್ಷ್ಮೀದೇವಮ್ಮ ಸಾರಿನ ಸೌಟು ಹಿಡಿದುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡರು.

“ಯಾವತ್ತು?”

“ಭಾನುವಾರ ಅಮ್ಮ, ಬೆಳಿಗ್ಗೆ.”

“ಬೆಳಿಗ್ಗೆ ಆದರೆ ಸರಿ. ಸಂಜೆ ನಾಲ್ಕೂವರೆ ಮೇಲೆ ರಾಹುಕಾಲ, ಆಗ ಮಾತ್ರ ಧುಮುಕಬೇಡ,” ಎಂದು ಇನ್ನೊಂದು ಸೌಟು ಸಾರು ಬಡಿಸಿದರು. ಮಗ ಧುಮುಕುವುದಿಲ್ಲ ಎಂದು ಅವರಿಗೆ ಅಷ್ಟು ಗ್ಯಾರಂಟಿಯಿತ್ತು. ಮಗನಿಗೆ ಅದೂ ಚುಚ್ಚಿತು.

ತರಬೇತಿ ಕೊಟ್ಟವರು ಕ್ಯಾಪ್ಟನ್ ಬೋಪಯ್ಯ ಎಂಬ ಕೊಡಗಿನವರು. ಪಟಾಲಮ್ಮಿನಿಂದ ನಿವೃತ್ತರಾದವರು, ಒಳ್ಳೆಯ ಕಂಠ. ಲಾರಿಯ ಹಿಂಬಾಗಿಲಿನಿಂದ ಮರಳಿಗೆ ಹಾರಿಸಿ, ಕಾಲು ಜೋಡಿಸಿ ಬಿದ್ದು ಪಕ್ಕಕ್ಕೆ ಉರುಳುವುದನ್ನು ಕಲಿಸಿದರು. ಪ್ಯಾರಾಚೂಟನ್ನು ನಾವೇ ಬಿಚ್ಚಬೇಕಾಗಿಲ್ಲ ಎಂದು ತಿಳಿಸಿ ಹೇಳಿದರು. ಅದಕ್ಕೊಂದು ಹಗ್ಗ ಇರುತ್ತದೆ, ಅದರ ಇನ್ನೊಂದು ತುದಿ ವಿಮಾನದೊಳಗೆ ಸಿಕ್ಕಿಸಿರುತ್ತದೆ. ನಾವು ಬಿದ್ದರೆ ಸಾಕು, ಹಗ್ಗ ಎಳೆದು ಬಿಚ್ಚುತ್ತದೆ. ಅಷ್ಟರವರೆಗೆ ‘ಒಂದು ಸಾವಿರ, ಎರಡು ಸಾವಿರ, ಮೂರು ಸಾವಿರ’ ಎಂದು ಎಣಿಸುತ್ತಿರಬೇಕು.

ವಿಚಿತ್ರವೆಂದರೆ, ವ್ಯಾಸರಾಜ ಮೂರನೆಯ ದಿನಕ್ಕೆ ಲಾರಿಯಿಂದ ಸಲೀಸಾಗಿ ಹಾರಿದ. ಹೆದರಿಕೆ ಹೋಗಿರಲಿಲ್ಲ. ಆದರೆ ಹೆದರಿಕೆ ಅವನಿಗೆ ಹೊಸದಲ್ಲವಲ್ಲ, ಮನೆಯವರಂತೆ ಜೊತೆಗಿಟ್ಟುಕೊಂಡು ಓಡಾಡುವುದು ಅಭ್ಯಾಸವಾಗಿತ್ತು. ಬೆಪ್ಪಾದವನು ಶಿವಸ್ವಾಮಿ. ಮೊದಲ ದಿನ ಎಲ್ಲರಿಗಿಂತ ಮುಂದೆ ಹಾರಿದವನು ನಾಲ್ಕನೆಯ ದಿನ, “ಆ ಅಗ್ಗ ಎಷ್ಟ್ ದಪ್ಪ ಸಾ?” ಎಂದು ಕ್ಯಾಪ್ಟನ್ನರನ್ನು ಎರಡು ಸಲ ಕೇಳಿದ. ಭಾನುವಾರ ಬೆಳಿಗ್ಗೆ ಬಯಲಿನ ಪಕ್ಕದ ಹೋಟೆಲಿನಲ್ಲಿ ತಟ್ಟೆಯಲ್ಲಿದ್ದ ಇಡ್ಲಿಯನ್ನು ಚಮಚದಿಂದ ಕೆದಕುತ್ತ ಕೂತಿದ್ದ. ಎಂಟು ಇಡ್ಲಿ ತಿನ್ನುವ ಆಸಾಮಿ!

“ಯಾಕೋ, ಹುಷಾರಿಲ್ವೇನೋ?”

“ಏ, ನಂಗೇನ್ಲಾ ಆಗದೆ? ನಿನ್ ಚಿಂತೆ ನೀನ್ ಮಾಡ್ಕೊ,” ಎಂದು ಶಿವಸ್ವಾಮಿ ಗದರಿದ.

ಕ್ಲಬ್ಬಿನ ಪ್ಯಾಂಟು, ಬೂಟು ಹಾಕಿಕೊಂಡು, ಚಪ್ಪಲಿ, ಪಂಚೆ, ಕೋಟು ಎಲ್ಲವನ್ನೂ ಒಂದು ಬೆಂಚಿನ ಮೇಲಿಟ್ಟು ಹೊರಟರು. ಜೇಬಿನಲ್ಲಿ ಏನೂ ಇರಕೂಡದು ಎಂದು ಕ್ಯಾಪ್ಟನ್ ಆಜ್ಞೆ. ವ್ಯಾಸರಾಜನಿಗೆ ನಶ್ಯವಿಲ್ಲದೆ ಅರ್ಧ ಗಂಟೆ ಇರುವುದು ವಿಮಾನದಿಂದ ಬೀಳುವುದಕ್ಕಿಂತ ಕಷ್ಟ. ಡಬ್ಬಿಯನ್ನು ಕಾಲುಚೀಲದೊಳಗೆ ತುರುಕಿದ. ಕಾಲುಚೀಲ ಜೇಬಲ್ಲವಲ್ಲ.

ಪುಟ್ಟ ವಿಮಾನ. ಒಂದು ಸಲಕ್ಕೆ ಇಬ್ಬರೇ ಧುಮುಕುವವರು. “ನಾ ಮೊದ್ಲು,” ಎನ್ನುತ್ತ ಶಿವಸ್ವಾಮಿ ಎಲ್ಲರ ಮುಂದೆ ಹತ್ತಿಬಿಟ್ಟ. ಹೆಡ್‌ಮಾಸ್ಟರೂ ನೋಡಲು ಬಂದಿದ್ದ ಮೇಷ್ಟರುಗಳೂ ಚಪ್ಪಾಳೆ ತಟ್ಟಿದರು. ಮೊದಲು ಹತ್ತಿದವನು ಒಳಮೂಲೆಗೆ ಹೋಗಿ ಕೂರಬೇಕು, ಬಾಗಿಲ ಪಕ್ಕದವನು ಮೊದಲು ಧುಮುಕಬೇಕು ಎಂಬುದು ವ್ಯಾಸರಾಜನಿಗೆ ಹೊಳೆದದ್ದು ವಿಮಾನ ನೆಲ ಬಿಟ್ಟ ಮೇಲೆ.

ಬಾಗಿಲು ಎಂದೆನಲ್ಲ, ಬಾಗಿಲೇನಿರಲಿಲ್ಲ. ಇದ್ದದ್ದು ಬಾಗಿಲು ಕಿತ್ತ ಒಂದು ದೊಡ್ಡ ಕಂಡಿ, ಅದರಾಚೆ ಮೈಸೂರು ಜಿಲ್ಲೆ. ಗದ್ದೆಗಳು ಕೌದಿಯ ತೇಪೆಗಳಾಗಿದ್ದವು, ಬಸ್ಸು ಇರುವೆಯಾಗಿತ್ತು. ವ್ಯಾಸರಾಜನ ಹೊಟ್ಟೆ ಎಂದಿನಂತೆ ಗಂಟಲಿಗೆ ಹೊರಟಿತು. ಈಗ ಹಿಂದೆ ಸರಿದರೆ ಸಾಯುವವರೆಗೂ ಬಟ್ಟೆ ಕಾಯುವವನೇ ಎಂದು ತನಗೆ ತಾನೇ ಹೇಳಿಕೊಂಡು ಅದನ್ನು ನುಂಗಿದ. ಪೈಲಟ್ಟು ಎಂಜಿನ್ನಿನ ಸದ್ದು ತಗ್ಗಿಸಿದ. ಕ್ಯಾಪ್ಟನ್ ಹಗ್ಗವನ್ನು ಎಳೆದು ನೋಡಿ, “ರೆಡಿ ಮೇಷ್ಟ್ರೇ!” ಎಂದರು. ವ್ಯಾಸರಾಜ ಒಂದು ಕಾಲನ್ನು ಹೊರಗಿನ ಮೆಟ್ಟಿಲ ಮೇಲಿಟ್ಟ.

“ಆಕ್ಷೀ!”

ಕಾಲು ತಾನಾಗಿಯೇ ಒಳಕ್ಕೆ ಬಂತು. ವ್ಯಾಸರಾಜ ದಬಕ್ಕನೆ ಕೂತುಬಿಟ್ಟ.

“ಗೋ! ಗೋ! ಏನಾಯ್ತ್ರೀ?” ಎಂದು ಕ್ಯಾಪ್ಟನ್ ಕಿರುಚಿದರು.

“ಒಂಟಿ ಸೀನು, ಸಾರ್!”

“ಏನು?”

“ಒಂಟಿ ಸೀನು! ಹೊರಡೋ ಹಾಗಿಲ್ಲ! ಕುಡಿಯೋಕೆ ನೀರಿದೆಯಾ ಸಾರ್?”

ಎರಡು ಯುದ್ಧ ನೋಡಿದ್ದ ಕ್ಯಾಪ್ಟನ್ನರ ಬಾಯಿ ತೆರೆದೇ ಉಳಿಯಿತು. ಅಷ್ಟರಲ್ಲಿ ಇಳಿಯಬೇಕಾಗಿದ್ದ ಬಯಲು ಹಿಂದೆ ಹೋಗಿತ್ತು. ಪೈಲಟ್ಟು ಬೈದುಕೊಂಡು ವಿಮಾನ ತಿರುಗಿಸಿದ. “ಇನ್ನೊಂದೇ ಒಂದು ಸುತ್ತು. ಆಮೇಲೆ ಇಬ್ಬರನ್ನೂ ವಾಪಸು ಇಳಿಸ್ತೀನಿ,” ಎಂದು ಕ್ಯಾಪ್ಟನ್ ಬೆರಳೆತ್ತಿ ಹೇಳಿದರು.

“ಇಳ್ದೋಗವ ನಡಿಯಲಾ ವ್ಯಾಸ,” ಎಂದ ಶಿವಸ್ವಾಮಿ ಮೂಲೆಯಿಂದ. “ಸಕುನ ಸರಿಗಿಲ್ಲ. ನಿಮ್ಮಪ್ಪಾವ್ರು ಯೋಳಿಲ್ವಾ, ಒಂಟಿ ಸೀನಿಗ್ ಒರಡಬಾರ್ದು ಅಂತ?”

ಶಕುನಕ್ಕೆ ಜೀವಮಾನವಿಡೀ ಹಲ್ಲು ಕಿರಿದವನು ಶಕುನದ ಮಾತಾಡಿದ! ವ್ಯಾಸರಾಜ ತಿರುಗಿ ಅವನ ಮುಖ ನೋಡಿದ. ಸೀನಿದ ಗುರುತು ಆ ಮುಖದಲ್ಲಿ ಎಲ್ಲೂ ಇರಲಿಲ್ಲ, ಮೂಗು ಒಣಗಿತ್ತು. ಕಣ್ಣು ದೊಡ್ಡದಾಗಿ ತೆರೆದಿತ್ತು. ಹದಿನೈದು ವರ್ಷದ ಹಿಂದೆ ಬೀದಿಬಾಗಿಲಲ್ಲಿ ತೆರೆದಿರುತ್ತಿದ್ದ ಹಾಗೆ. ಆದರೆ ಈ ಸಲ ಅದರಲ್ಲಿ ಕುಚೋದ್ಯವಿರಲಿಲ್ಲ. ಎರಡು ಮಂಡಿಗಳೂ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಕೈ ಸೀಟಿನ ಕಂಬಿಯನ್ನು ಗೆಣ್ಣು ಬೆಳ್ಳಗಾಗುವಷ್ಟು ಹಿಡಿದಿತ್ತು.

ವ್ಯಾಸರಾಜನಿಗೆ ಮೊದಲು ಬಂದದ್ದು ಸಿಟ್ಟೇ. ಸುಳ್ಳು ಸೀನು ಸೀನಿ ನನ್ನನ್ನೂ ಎಳೆದುಕೊಂಡು ಇಳಿಯಲು ನೋಡಿದೆಯಾ! ಅದರ ಹಿಂದೆಯೇ ಸಂಕಟ ಬಂತು. ಆ ಮಂಡಿಗಳ ನಡುಕ ಅವನಿಗೆ ಚೆನ್ನಾಗಿ ಗೊತ್ತು, ಅದು ಅವನದೇ ನಡುಕ. ಇಬ್ಬರೂ ಹೀಗೇ ಇಳಿದರೆ ಸೀನಿನ ನೆಪದಲ್ಲಿ ಶಿವಸ್ವಾಮಿಯ ಮಾನ ಉಳಿಯುತ್ತದೆ, ತಾನು ಇದ್ದಲ್ಲೇ ಇರುತ್ತೇನೆ. ತಾನೊಬ್ಬ ಧುಮುಕಿದರೆ ಕೆಳಗೆ ಆ ಮೇಷ್ಟರುಗಳು ಇವನನ್ನು ಹರಿದು ಹಂಚಿಕೊಳ್ಳುತ್ತಾರೆ. ಆಗ ಚಪ್ಪಲಿ ಕಾಯುವವನು ಎಂಬ ಹೆಸರು ಒಬ್ಬನಿಂದ ಇನ್ನೊಬ್ಬನಿಗೆ ದಾಟಿದಂತಾಗುತ್ತದೆ, ಅಷ್ಟೆ. ಅದರಿಂದ ಯಾರಿಗೇನು ಸುಖ?

ವಿಮಾನ ಅರ್ಧ ಸುತ್ತು ತಿರುಗಿತ್ತು. ವ್ಯಾಸರಾಜ ಬಗ್ಗಿ ಕಾಲುಚೀಲದಿಂದ ನಶ್ಯದ ಡಬ್ಬಿ ತೆಗೆದ. ಮುಚ್ಚಳ ಬಿಚ್ಚಿ, ಗಾಳಿಗೆ ಬೆನ್ನು ಕೊಟ್ಟು, ಶಿವಸ್ವಾಮಿಯ ಮೂಗಿನ ಹತ್ತಿರ ಹಿಡಿದ.

“ಒಂಟಿಯಾಗಿ ಬಿಡಬಾರದು ಕಣೋ. ಜೋಡಿ ಮಾಡು.”

ಶಿವಸ್ವಾಮಿ ಡಬ್ಬಿ ನೋಡಿದ, ವ್ಯಾಸರಾಜನ ಮುಖ ನೋಡಿದ. ಮೂರು ಬೆರಳಿಗೆ ಬರುವಷ್ಟು ನಶ್ಯ ತೆಗೆದು ಎರಡೂ ಹೊಳ್ಳೆಗೆ ಏರಿಸಿಬಿಟ್ಟ. ಜನ್ಮದಲ್ಲಿ ನಶ್ಯ ಮುಟ್ಟದವನು.

“ಆ... ಆಕ್ಷೀ!” ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ನಿಜವಾದ ಸೀನು. ಮೊದಲಿನದಕ್ಕೆ ಸೇರಿ ಎರಡಾಯಿತು. ವ್ಯಾಸರಾಜ ಎದ್ದು ಬಾಗಿಲಿಗೆ ಕಾಲಿಟ್ಟ. “ಆಕ್ಷೀ!” ಮೂರು. ಕಾಲು ಒಳಕ್ಕೆ. “ಆಕ್ಷೀ!” ನಾಲ್ಕು. ಕಾಲು ಹೊರಕ್ಕೆ. ಅಷ್ಟರಲ್ಲಿ ಡಬ್ಬಿಯಲ್ಲಿದ್ದ ನಶ್ಯವೆಲ್ಲ ಗಾಳಿಗೆದ್ದು ಕ್ಯಾಪ್ಟನ್ನರ ಮೀಸೆಗೆ ಹೋಯಿತು. ಅವರದೊಂದು ಗಟ್ಟಿ ಸೀನು. ಐದು.

“ಈ ಮೇಷ್ಟ್ರು ಧುಮುಕೋ ಸ್ಥಿತೀಲಿಲ್ಲ ಸಾರ್!” ಎಂದು ವ್ಯಾಸರಾಜ ಕಿರುಚಿದ. “ನಶ್ಯ ಅತಿಯಾಯ್ತು. ತಪ್ಪು ನನ್ನದು!”

“ಅವರು ಕೂತಿರಲಿ!” ಎಂದು ಕ್ಯಾಪ್ಟನ್ ಕಣ್ಣುಜ್ಜಿಕೊಳ್ಳುತ್ತ ಆಜ್ಞೆ ಮಾಡಿದರು. “ನೀವು ಧುಮುಕ್ತೀರೋ ಇಲ್ವೋ?”

“ಇನ್ನೊಂದು ಸೀನು ಬರಲಿ ಸಾರ್!”

ಬಯಲು ಕಾಲ ಕೆಳಗೆ ಬಂದೇಬಿಟ್ಟಿತು. ಶಿವಸ್ವಾಮಿ ಕಣ್ಣೀರು ಸುರಿಯುತ್ತಿದ್ದ ಮುಖವೆತ್ತಿ, ಬಾಯಿ ತೆರೆದು, ಬಾರದ ಸೀನನ್ನು ಎಲ್ಲಿಂದಲೋ ಎಳೆದು ತರುತ್ತಿದ್ದ. ಬಂತು.

“ಆಕ್ಷೀ!”

ಆರು. ವ್ಯಾಸರಾಜ ಧುಮುಕಿದ.

ಒಂದು ಸಾವಿರ, ಎರಡು ಸಾವಿರ ಎಲ್ಲ ಮರೆತುಹೋಯಿತು. ಕಾಲ ಕೆಳಗೆ ಏನೂ ಇರಲಿಲ್ಲ, ಹಿಡಿದುಕೊಳ್ಳುವುದಕ್ಕೂ ಏನೂ ಇರಲಿಲ್ಲ. ಹೊಟ್ಟೆ ಗಂಟಲಿಗೆ ಬಂದದ್ದು ಅಲ್ಲಿಂದ ಎತ್ತಲೋ ಹಾರಿಹೋಯಿತು. ಹೆದರಿಕೆ ಎಲ್ಲಿ ಎಂದು ಹುಡುಕಿಕೊಂಡ, ಅದೂ ವಿಮಾನದಲ್ಲೇ ಉಳಿದಂತಿತ್ತು. ಆಮೇಲೆ ಭುಜಕ್ಕೆ ಯಾರೋ ಕೈ ಹಾಕಿ ಮೇಲಕ್ಕೆತ್ತಿದಂತೆ ಜಗ್ಗಿತು. ತಲೆಯ ಮೇಲೆ ದೊಡ್ಡ ಬಿಳಿಯ ಛತ್ರಿ ಅರಳಿತು. ಎಲ್ಲ ಸದ್ದೂ ನಿಂತುಹೋಯಿತು.

ಅಷ್ಟು ನಿಶ್ಶಬ್ದವನ್ನು ವ್ಯಾಸರಾಜ ದೇವರ ಮನೆಯಲ್ಲೂ ಕೇಳಿರಲಿಲ್ಲ. ಒಂದು ಕಡೆ ಚಾಮುಂಡಿಬೆಟ್ಟ, ಇನ್ನೊಂದು ಕಡೆ ದೂರದಲ್ಲಿ ಕಪಿಲೆಯ ಮಿಂಚು, ಅದರ ದಡದಲ್ಲಿ ನಂಜುಂಡೇಶ್ವರನ ಗೋಪುರ ಬೆರಳುದ್ದ. ಅಲ್ಲೇ ಎಲ್ಲೋ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತಾಳೆ ಎನ್ನಿಸಿ ಜೋರಾಗಿ ನಗು ಬಂತು. ಯಾರೂ ಕೇಳುವವರಿರಲಿಲ್ಲ, ಆದ್ದರಿಂದ ಮನಸ್ಸು ತುಂಬುವಷ್ಟು ನಕ್ಕ.

ಬಯಲಿನಲ್ಲಿ ಇಳಿಯಬೇಕಾಗಿತ್ತು, ಗಾಳಿ ಪಕ್ಕದ ಹುರುಳಿ ಹೊಲಕ್ಕೆ ಒಯ್ದಿತು. ಕಾಲು ಜೋಡಿಸಿ ಬಿದ್ದು ಚೆನ್ನಾಗಿಯೇ ಉರುಳಿದ. ಎದ್ದು ಕೂತಾಗ ಎದುರಿಗೆ ಹುರುಳಿ ಕೀಳುತ್ತಿದ್ದ ಮುದುಕಿಯೊಬ್ಬಳು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಮುತ್ತಮ್ಮ ಎಂದು ಅವಳ ಹೆಸರು, ಆಮೇಲೆ ತಿಳಿಯಿತು.

“ಯಾವೂರಪ್ಪ ನಿಂದು?”

“ನಂಜನಗೂಡು, ತಾಯಿ.”

“ನಂಜನಗೂಡಿಂದ ಇಲ್ಗೆ ಗಂಟೆಗೊಂದು ಬಸ್ಸು ಬತ್ತದಲ್ಲಪ್ಪ,” ಎಂದಳು ಮುತ್ತಮ್ಮ. “ಇಂಗ್ಯಾಕ್ ಬಂದೆ?”

ವ್ಯಾಸರಾಜ ಪ್ಯಾರಾಚೂಟನ್ನು ಬಾಚಿ ಅಪ್ಪಿಕೊಂಡು ಬಯಲಿಗೆ ನಡೆದು ಬರುವಾಗ ವಿಮಾನ ಇಳಿದು ನಿಂತಿತ್ತು. ಮೇಷ್ಟರುಗಳೆಲ್ಲ ಶಿವಸ್ವಾಮಿಯನ್ನು ಸುತ್ತುವರಿದಿದ್ದರು. “ಯಾಕ್ರೀ ಡ್ರಿಲ್ ಮೇಷ್ಟ್ರೇ, ಒಳಗೇ ಉಳಿದುಬಿಟ್ರಲ್ಲ?” ಎಂದು ಹೆಡ್‌ಮಾಸ್ಟರು ಶುರುಮಾಡಿದ್ದರು. ಶಿವಸ್ವಾಮಿಯ ಮೂಗು ಟೊಮೇಟೊ ಹಣ್ಣಾಗಿತ್ತು. ಅವನ ಒಂದು ಕೈಯಲ್ಲಿ ವ್ಯಾಸರಾಜನ ಚಪ್ಪಲಿ, ಇನ್ನೊಂದರಲ್ಲಿ ಪಂಚೆ, ಕೋಟು.

“ನಂದೇ ತಪ್ಪು ಸಾರ್,” ಎಂದ ವ್ಯಾಸರಾಜ ದೂರದಿಂದಲೇ. “ನನ್ನ ನಶ್ಯ ಅವರ ಮೂಗಿಗೆ ಹೋಯ್ತು. ಸೀನ್ತಾ ಧುಮುಕೋ ಹಾಗಿಲ್ಲ ಅಂತ ಕ್ಯಾಪ್ಟನ್ ಕೂರಿಸಿಬಿಟ್ರು. ಇಲ್ಲದೇ ಇದ್ದರೆ ನನಗಿಂತ ಮೊದಲು ಇಳೀತಿದ್ರು.”

ಕ್ಯಾಪ್ಟನ್ ಬೋಪಯ್ಯ ಇಬ್ಬರ ಮುಖವನ್ನೂ ನೋಡಿ ಮೀಸೆಯೊಳಗೇ ನಕ್ಕರು. “ಕರೆಕ್ಟು. ನಾನೇ ಕೂರಿಸಿದ್ದು,” ಎಂದು ಇನ್ನೊಂದು ಸಲ ಸೀನಿದರು.

ಉಳಿದವರೆಲ್ಲ ಧುಮುಕಿ ಮುಗಿದ ಮೇಲೆ, ಸಂಜೆ, ಇಬ್ಬರೂ ನಂಜನಗೂಡಿನ ಬಸ್ಸು ಹತ್ತಿದರು. ಊರು ಹತ್ತಿರ ಬಂದಾಗ ಶಿವಸ್ವಾಮಿ ಕಿಟಕಿಯಾಚೆ ನೋಡುತ್ತ, “ಎದ್ರುಕೊಂಡೆ ಕಣ್ಲಾ,” ಎಂದ.

“ಗೊತ್ತು.”

“ನೀನು ಇಷ್ಟ್ ವರ್ಸ ಇಂಗೇ ಎದ್ರುಕತಿದ್ಯಾ? ದಿನಾ?”

“ಹೂಂ.”

ಶಿವಸ್ವಾಮಿ ಮೂಗು ಒರೆಸಿಕೊಂಡ. “ನಂಗ್ ಗೊತ್ತಿರ್ನಿಲ್ಲ ಕಣೋ,” ಎಂದ.

ಬಸ್ಸಿಳಿದ ವ್ಯಾಸರಾಜ ಮನೆಯ ಕಡೆ ತಿರುಗಲಿಲ್ಲ, ನದಿಯ ಕಡೆ ಹೊರಟ. ಶಿವಸ್ವಾಮಿ ಕೇಳದೆ ಹಿಂಬಾಲಿಸಿದ. ಗಂಟೆ ಐದೂಕಾಲಾಗಿತ್ತು, ಭಾನುವಾರದ ರಾಹುಕಾಲ ಸರಿಯಾಗಿ ನಡುವಿಗೆ ಬಂದಿತ್ತು. ಸೋಪಾನದಲ್ಲಿ ವ್ಯಾಸರಾಜ ಕೋಟು, ಅಂಗಿ, ಪಂಚೆ ಬಿಚ್ಚಿ ಮಡಚಿ ಶಿವಸ್ವಾಮಿಯ ಕೈಗೆ ಕೊಟ್ಟ. ಬರಿಯ ಕೌಪೀನದಲ್ಲಿ ಮಂಟಪದ ಮೇಲೆ ಹತ್ತಿ ಅಂಚಿಗೆ ಬಂದು ನಿಂತ. ಮಡು ಕೆಳಗೆ ಹಸಿರಾಗಿ ಕಂಡಿತು. ಹೊಟ್ಟೆ ಗಂಟಲಿಗೆ ಬಂತು. ಬರಲಿ ಎಂದುಕೊಂಡ.

“ಆಕ್ಷೀ!”

ತಿರುಗಿ ನೋಡಿದ. ಶಿವಸ್ವಾಮಿಯ ಎರಡು ಕಣ್ಣೂ ಬಿಗಿಯಾಗಿ ಮುಚ್ಚಿದ್ದವು. ಬೆಳಗಿನ ನಶ್ಯದ್ದೇ ಏನೋ ಉಳಿದಿತ್ತು. ಇನ್ನೊಂದಕ್ಕಾಗಿ ಇಬ್ಬರೂ ಕಾದರು. ಬರಲಿಲ್ಲ.

“ಲೇ ವ್ಯಾಸ, ನಿಂತ್ಕಳ್ಲಾ!” ಶಿವಸ್ವಾಮಿ ಗಾಬರಿಯಿಂದ ಕೂಗಿದ. “ಇದು ನಿಜ್ವಾದ್ದು ಕಣ್ಲಾ! ಒಂಟಿ ಸೀನು! ಬಂದು ಕುಂತ್ಕೊ, ನೀರ್ ಕುಡ್ದು ಆಮೇಕ್ ಓಗು!”

“ನೀರು ಕೆಳಗೇ ಇದೆಯಲ್ಲೋ,” ಎಂದ ವ್ಯಾಸರಾಜ. “ಅಲ್ಲೇ ಹೋಗಿ ಕುಡೀತೀನಿ.”

ಧುಮುಕಿದ. ಅವನ ತಲೆ ಮತ್ತೆ ನೀರಿನ ಮೇಲೆ ಕಾಣುವವರೆಗೆ ಶಿವಸ್ವಾಮಿ ಆ ಬಟ್ಟೆಗಳನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದ.